90 ಸೆಕೆಂಡಿನ ಒಡ್ಡೋಲಗ

ಪರದೆಯ ಕೆಳಗೆ ಬಲಮೂಲೆಯಲ್ಲಿ ಒಂದು ಚೌಕ ಬರುತ್ತಲ್ಲ, ‘ಸ್ಕಿಪ್ ಇಂಟ್ರೊ’ ಅಂತ. ನೆಟ್‌ಫ್ಲಿಕ್ಸ್‌ನವರು 2017ರಲ್ಲಿ ಶುರು ಮಾಡಿದ್ದು, ಈಗ ಬಹುತೇಕ ಎಲ್ಲ ಆ್ಯಪ್‌ಗಳಲ್ಲೂ ಇದೆ. ಇಂಗ್ಲಿಷ್ ಸೀರೀಸ್ ನೋಡುವಾಗ ನಾನೂ ಅದನ್ನು ಒತ್ತುವವನೇ. ಆದರೆ ಅನಿಮೆ ನೋಡುವಾಗ ಪಕ್ಕದಲ್ಲಿ ಕೂತವರು ಒತ್ತಿದರೆ ನಮ್ಮನೆಯಲ್ಲಿ ಸಣ್ಣ ಜಗಳವೇ ಆಗುತ್ತದೆ.

ನಮ್ಮ ಟೀಮಿನಲ್ಲಿ ದಾವಣಗೆರೆಯ ಒಬ್ಬ ಹುಡುಗ ಇದ್ದಾನೆ. ಇವಾಂಗೆಲಿಯನ್ ನೋಡು ಅಂತ ಅವನಿಗೆ ನಾನೇ ಹೇಳಿದ್ದು. ಒಂದೇ ವೀಕೆಂಡಲ್ಲಿ ಮುಗಿಸಿಕೊಂಡು ಬಂದ. “ಓಪನಿಂಗ್ ಹೇಗಿತ್ತೋ?” ಅಂತ ಕೇಳಿದರೆ, “ಅಣ್ಣಾ, ಮೊದಲನೇ ಸಲ ನೋಡ್ದೆ, ಆಮೇಲೆ ಸ್ಕಿಪ್. ಲೆಕ್ಕ ಹಾಕಿ ನೀವೇ, ಒಂದೂವರೆ ನಿಮಿಷ, 25 ಎಪಿಸೋಡು. ಮೂವತ್ತೇಳೂವರೆ ನಿಮಿಷ ಉಳೀತು” ಅಂದ. ಲೆಕ್ಕ ಸರಿಯಾಗಿಯೇ ಇದೆ. ನಮ್ಮ ಕಸುಬಿನಲ್ಲಿ ಅದೇ ಕೋಡನ್ನು ಎರಡು ಕಡೆ ಬರೆದರೆ ರಿವ್ಯೂ ಮಾಡುವವರು ಬಯ್ಯುತ್ತಾರೆ. ಹಾಗಿರುವಾಗ ಒಂದೇ ವಿಡಿಯೋ 26 ಸಲ ನೋಡು ಅಂದರೆ ಯಾರಾದರೂ ನಗುತ್ತಾರೆ. ಆದರೆ ಈ ಓಪನಿಂಗ್‌ಗಳನ್ನು ಮಾಡಿರುವುದೇ 26 ಸಲ ನೋಡುತ್ತಾರೆ ಅನ್ನುವ ಲೆಕ್ಕದಲ್ಲಿ. ಒಂದು ಸಲಕ್ಕೆ ಅಂತ ಮಾಡಿದ ಚಿತ್ರಕ್ಕೂ 26 ಸಲಕ್ಕೆ ಅಂತ ಮಾಡಿದ ಚಿತ್ರಕ್ಕೂ ಕಟ್ಟುವ ರೀತಿಯಲ್ಲೇ ವ್ಯತ್ಯಾಸ ಇರುತ್ತದೆ.

ಮೊದಲು ಈ ಒಂದೂವರೆ ನಿಮಿಷ ಏನು ಅಂತ ನೋಡೋಣ. ಮುಚ್ಚುಮರೆ ಏನಿಲ್ಲ, ಇದೊಂದು ಜಾಹೀರಾತು. ಜಪಾನಿನಲ್ಲಿ ಅನಿಮೆಗೆ ದುಡ್ಡು ಹಾಕುವವರು ಹಲವರು ಸೇರಿ ಕಮಿಟಿ ಮಾಡಿಕೊಳ್ಳುತ್ತಾರೆ, ಅದರಲ್ಲಿ ಎಷ್ಟೋ ಸಲ ಒಂದು ಮ್ಯೂಸಿಕ್ ಕಂಪನಿಯೂ ಇರುತ್ತದೆ. ನಾಲ್ಕು ನಿಮಿಷದ ಹಾಡನ್ನು ಟೀವಿಗೆ ಅಂತ 90 ಸೆಕೆಂಡಿಗೆ ಕತ್ತರಿಸಿ ಕೊಡುತ್ತಾರೆ. ಹಾಡಿನ ಸಿಡಿಯೂ ಹೋಗಬೇಕು, ಧಾರಾವಾಹಿಯೂ ಓಡಬೇಕು, ಅದರ ಮೇಲೆ ಕೆಲಸ ಮಾಡಿದವರ ಹೆಸರೂ ಹಾಕಬೇಕು. ಬಹಳ ಸಲ ಇದರ ಡೈರೆಕ್ಟರ್ ಧಾರಾವಾಹಿಯ ಡೈರೆಕ್ಟರ್ ಆಗಿರುವುದಿಲ್ಲ, ಬೇರೆ ಯಾರನ್ನೋ ಕರೆಸಿರುತ್ತಾರೆ. ಅವನ ಕೈಯಲ್ಲಿರುವುದು ಬೇರೆಯವರ ಪಾತ್ರಗಳು, ಬೇರೆಯವರ ಹಾಡು, ಮತ್ತು 90 ಸೆಕೆಂಡು.

ಸೆಕೆಂಡಿಗೆ 24 ಫ್ರೇಮಿನಂತೆ 90 ಸೆಕೆಂಡಿಗೆ 2160 ಫ್ರೇಮ್. ಅಷ್ಟನ್ನೂ ಬಿಡಿಸಿದರೆ ಸ್ಟುಡಿಯೋ ಮುಚ್ಚಬೇಕಾಗುತ್ತದೆ. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ ಟೀವಿಯಲ್ಲಿ ಶುರುವಾದಾಗಿನಿಂದಲೂ ಜಪಾನಿನವರದು ಉಳಿತಾಯದ ಸಂಸಾರ. ಒಂದೇ ಚಿತ್ರವನ್ನು ಎರಡು ಅಥವಾ ಮೂರು ಫ್ರೇಮ್ ನಿಲ್ಲಿಸುವುದು, ಬಾಯಿ ಮಾತ್ರ ಅಲ್ಲಾಡಿಸುವುದು, ಹಿನ್ನೆಲೆ ಜರುಗಿಸುವುದು, ಹಳೇ ಶಾಟನ್ನು ಮತ್ತೆ ಬಳಸುವುದು. ಓಪನಿಂಗ್‌ನಲ್ಲಿ ಎಲ್ಲರೂ ಯಾಕೆ ಓಡುತ್ತಾ ಇರುತ್ತಾರೆ ಅಂತ ಯಾವತ್ತಾದರೂ ಅನಿಸಿದೆಯಾ? ಎರಡು ಹೆಜ್ಜೆಯ ಓಟಕ್ಕೆ ಎಂಟು ಹತ್ತು ಚಿತ್ರ ಬರೆದರೆ ಸಾಕು. ಅದನ್ನೇ ಸುತ್ತಿಸಿ, ಹಿಂದಿನ ರಸ್ತೆಯನ್ನು ಜರುಗಿಸಿದರೆ ಹುಡುಗ ಬೇಕಾದಷ್ಟು ಹೊತ್ತು ಓಡುತ್ತಾನೆ. ನೋಡುವವರಿಗೆ, ಇವನಿಗೆ ಎಲ್ಲಿಗೋ ತಲುಪುವ ಅವಸರ ಇದೆ ಅನಿಸುತ್ತದೆ. ಗಾಳಿಗೆ ಹಾರುವ ಕೂದಲು, ಉದುರುವ ಚೆರ್ರಿ ಹೂವು, ಆಕಾಶಕ್ಕೆ ಚಾಚಿದ ಕೈ, ನೆರಳಲ್ಲಿ ನಿಂತ ವಿಲನ್‌ಗಳ ಸಾಲು, ಎಲ್ಲವೂ ಇದೇ ಜಾತಿಯವು. ಕಡಿಮೆ ಖರ್ಚು, ಹೆಚ್ಚು ಭಾವ. ಕ್ಲೀಶೆ ಅಂತ ಬಯ್ಯುವವರು ಬಯ್ಯಲಿ, ನನಗಂತೂ ಇದು ಒಳ್ಳೆಯ ಎಂಜಿನಿಯರಿಂಗ್ ಅನಿಸುತ್ತದೆ.

ಈ ಬಡತನವನ್ನೇ ಶೈಲಿ ಮಾಡಿಕೊಂಡಿದ್ದು 1998ರ ‘ಕೌಬಾಯ್ ಬೀಬಾಪ್’. ಶಿನಿಚಿರೊ ವತಾನಬೆ ಅವರ ನಿರ್ದೇಶನ, ಯೋಕೊ ಕಾನ್ನೊ ಅವರ ಜಾಜ್. ಓಪನಿಂಗ್‌ನ ಹೆಸರೇ ‘ಟ್ಯಾಂಕ್’. ಇದರಲ್ಲಿ ಹೆಚ್ಚಾಗಿ ಕಾಣುವುದು ಕಪ್ಪು ನೆರಳುಗಳು. ಹಿಂದೆ ಒಂದೇ ಬಣ್ಣದ ಗೋಡೆ, ಕೆಂಪು, ನೀಲಿ, ಹಳದಿ. ಸಿಗರೇಟು, ಪಿಸ್ತೂಲು, ಓಡುವ ಕಾಲು. ಪರದೆ ಪಟ್ಟಿ ಪಟ್ಟಿಯಾಗಿ ಸೀಳುತ್ತದೆ, ಸೇರುತ್ತದೆ, ಒಂದೊಂದು ಸೀಳೂ ತುತ್ತೂರಿಯ ಒಂದೊಂದು ಹೊಡೆತಕ್ಕೆ. ನೆರಳಿಗೆ ಕಣ್ಣು ಮೂಗು ಬರೆಯಬೇಕಾಗಿಲ್ಲ, ಬಟ್ಟೆಯ ಮಡಿಕೆಗೆ ಶೇಡ್ ಕೊಡಬೇಕಾಗಿಲ್ಲ. 1950ರ ದಶಕದಲ್ಲಿ ಸಾಲ್ ಬಾಸ್ ಅವರು ಹಾಲಿವುಡ್ ಟೈಟಲ್‌ಗಳಿಗೆ ಕಾಗದ ಕತ್ತರಿಸಿದಂಥ ಆಕಾರಗಳನ್ನು ತಂದರಲ್ಲ, ಆ ಮನೆತನದ್ದೇ ಇದು.

ಇದನ್ನು ನಾನು ಮೊದಲು ನೋಡಿದ್ದು ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ. ಲ್ಯಾನ್‌ನಲ್ಲಿ ಡಿಸಿ ಪ್ಲಸ್ ಪ್ಲಸ್ ಹಾಕಿಕೊಂಡು ಪಕ್ಕದ ಬ್ಲಾಕಿನವರಿಂದ ಎಳೆದುಕೊಂಡ ಫೈಲು. ಒಂದು ಸಿಪಿಯು, ಏಳು ಜನ. ಆಗ ಆ 90 ಸೆಕೆಂಡಿಗೆ ಇನ್ನೊಂದು ಕೆಲಸ ಇತ್ತು. ಟ್ಯಾಂಕ್‌ನ ಮೊದಲ ತುತ್ತೂರಿ ಕಾರಿಡಾರಿಗೆ ಕೇಳಿಸಿದರೆ ಸಾಕು, ಟವಲ್ ಸುತ್ತಿಕೊಂಡವನು, ಮ್ಯಾಗಿ ತಟ್ಟೆ ಹಿಡಿದವನು, ಎಲ್ಲ ಓಡಿ ಬರುತ್ತಿದ್ದರು. ನಮ್ಮೂರ ಕಡೆ ಆಟ ಶುರುವಾಗುವ ಮೊದಲು ಕೇಳಿ ಬಾರಿಸುತ್ತಾರಲ್ಲ, ಇಂಥಲ್ಲಿ ಆಟ ಇದೆ ಬನ್ನಿ ಅಂತ, ಹಾಗೆ.

ಆ ಓಪನಿಂಗ್‌ನಲ್ಲಿ ಚಿತ್ರದ ಹಿಂದೆ ಇಂಗ್ಲಿಷ್ ಅಕ್ಷರಗಳು ಸರಿಯುತ್ತಾ ಇರುತ್ತವೆ. ಸುಮ್ಮನೆ ಡಿಸೈನಿಗೆ ಹಾಕಿದ್ದಾರೆ ಅಂತಲೇ ನಾವೆಲ್ಲ ಅಂದುಕೊಂಡಿದ್ದು. ಹದಿನೈದನೆಯ ಸಲವೋ ಇಪ್ಪತ್ತನೆಯ ಸಲವೋ ಯಾರೋ ಪಾಸ್ ಮಾಡಿದರು. ನೋಡಿದರೆ ಅದು ಅರ್ಥ ಇರುವ ಬರಹ. 1941ರ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಮಿಂಟನ್ಸ್ ಪ್ಲೇಹೌಸ್ ಅನ್ನುವ ಕ್ಲಬ್ಬಿನಲ್ಲಿ ಹುಡುಗರು ಹಳೇ ಜಾಜ್ ಬೇಜಾರಾಗಿ ರಾತ್ರಿಯಿಡೀ ಪೈಪೋಟಿಯಲ್ಲಿ ನುಡಿಸಿ ಹೊಸ ಸಂಗೀತ ಹುಟ್ಟಿಸಿದ್ದು, ಈಗ 2071ರಲ್ಲಿ ಬೀಬಾಪ್ ಅನ್ನುವ ಹಡಗಿನಲ್ಲಿ ಸೇರಿರುವ ಬೇಟೆಗಾರರು ಹಾಗೇ ಸ್ವತಂತ್ರವಾಗಿ ಆಡುತ್ತಾರೆ ಅನ್ನುವುದು. ಧಾರಾವಾಹಿಗೆ ಆ ಹೆಸರು ಯಾಕೆ ಅನ್ನುವ ಉತ್ತರ ಮೊದಲ ದಿನದಿಂದ ನಮ್ಮ ಕಣ್ಣ ಮುಂದೆಯೇ ಓಡುತ್ತಿತ್ತು. ಒಂದೇ ಸಲ ನೋಡುತ್ತಾರೆ ಅಂತ ಗೊತ್ತಿದ್ದರೆ ಯಾರೂ ಅಷ್ಟು ವೇಗವಾಗಿ ಅಷ್ಟು ಉದ್ದದ ಬರಹವನ್ನು ಹಾಕುವುದಿಲ್ಲ.

ಇನ್ನು ಇವಾಂಗೆಲಿಯನ್. 1995ರ ಅಕ್ಟೋಬರ್, ಹಿದೆಯಾಕಿ ಅನ್ನೊ ಅವರ ನಿರ್ದೇಶನ. ಇದರ ಓಪನಿಂಗ್‌ನಲ್ಲಿ ಚಲಿಸುವ ಚಿತ್ರ ಕಡಿಮೆ, ನಿಂತ ಚಿತ್ರಗಳೇ ಜಾಸ್ತಿ. ಕೊನೆಕೊನೆಗೆ ಬರುವ ಕೆಲವು ಚಿತ್ರಗಳು ಕಾಲು ಸೆಕೆಂಡು ಕೂಡ ಇರುವುದಿಲ್ಲ. ಮುಖ, ಯಂತ್ರದ ನಕ್ಷೆ, ಕೈಬರಹ, ಒಂದು ನಗು, ಬೆಳಕಿನ ರೆಕ್ಕೆ. ಎಲ್ಲ ಕಟ್‌ಗಳೂ ತಾಳಕ್ಕೆ ಕೂತಿವೆ. ಓಡುತ್ತಿರುವುದು ಎಡಿಟಿಂಗು, ಅದು ನಮ್ಮ ಕಣ್ಣನ್ನು ಮೋಸ ಮಾಡಿ ಎಲ್ಲವೂ ಓಡುತ್ತಿದೆ ಅನಿಸುತ್ತದೆ.

ಶುರುವಿನಲ್ಲೇ ಒಂದು ನಕ್ಷೆ ಬರುತ್ತದೆ, ವೃತ್ತಗಳನ್ನು ಗೆರೆಗಳಿಂದ ಜೋಡಿಸಿದ್ದು. ಅದು ಯಹೂದಿ ಅನುಭಾವಿಗಳ ಜೀವವೃಕ್ಷ. ಮೊದಲ ಸಲ ಅದು ನಿಮಗೆ ಏನೂ ಹೇಳುವುದಿಲ್ಲ. ಆಮೇಲೆ ಒಂದು ದಿನ ಕಥೆಯಲ್ಲಿ ಆ ಹುಡುಗನ ಅಪ್ಪನ ಆಫೀಸಿನ ಚಾವಣಿಯ ಮೇಲೆ ಅದೇ ನಕ್ಷೆ ಕಾಣುತ್ತದೆ, ಎದೆ ಧಸಕ್ ಅನ್ನುತ್ತದೆ. ಬೆಳಕಿನ ರೆಕ್ಕೆಯೂ ಹಾಗೇ, ಬಹಳ ತಡವಾಗಿ ಅರ್ಥವಾಗುವ ಚಿತ್ರ. ಪ್ರತಿ ವಾರ ಅದೇ ಓಪನಿಂಗ್, ಆದರೆ ಪ್ರತಿ ವಾರ ಅದರಲ್ಲಿ ಒಂದೆರಡು ಚಿತ್ರಕ್ಕೆ ಅರ್ಥ ಬಂದಿರುತ್ತದೆ. ದಾವಣಗೆರೆ ಹುಡುಗನ ಮೂವತ್ತೇಳೂವರೆ ನಿಮಿಷ ಹೋಗಿದ್ದು ಇಲ್ಲಿ.

ಅಕ್ಷರದ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಜಪಾನಿ ಅಚ್ಚಿನಲ್ಲಿ ಮಿಂಚೊ ಅಂತ ಒಂದು ಜಾತಿಯ ಅಕ್ಷರ ಇದೆ. ನಿಂತ ಗೆರೆ ದಪ್ಪ, ಮಲಗಿದ ಗೆರೆ ಸಣ್ಣ, ಗೆರೆಯ ತುದಿಯಲ್ಲಿ ಪುಟ್ಟ ತ್ರಿಕೋನ. ಪುಸ್ತಕ, ಪತ್ರಿಕೆಗಳ ಅಕ್ಷರ ಅದು. ಅನ್ನೊ ಅದರ ಬಹಳ ದಪ್ಪ ರೂಪವನ್ನು ತಂದು ಕಪ್ಪು ಹಲಗೆಯ ಮೇಲೆ ಬಿಳಿಯಾಗಿ, ಮೂಲೆಗೆ ಒತ್ತಿ, ಎಲ್ ಆಕಾರದಲ್ಲಿ ತಿರುಗಿಸಿ ಕಂತುಗಳ ಶೀರ್ಷಿಕೆ ಮಾಡಿದರು. ಫಾಂಟಿನ ಹೆಸರು ಮಾಟಿಸ್. ಈ ಜೋಡಣೆ ಕೊನ್ ಇಚಿಕಾವ ಅವರ ಸಿನಿಮಾ ಟೈಟಲ್‌ಗಳಿಂದ ಬಂದಿದ್ದು, 1976ರ ‘ಇನುಗಾಮಿ ಫ್ಯಾಮಿಲಿ’ ನೋಡಿದವರಿಗೆ ಥಟ್ಟನೆ ಗೊತ್ತಾಗುತ್ತದೆ. ರೋಬೋಟ್ ಕಥೆಗೆ ಎಲ್ಲರೂ ಹೊಳೆಯುವ ಲೋಹದಂಥ ಅಕ್ಷರ ಹಾಕುವಾಗ, ಇವರು ಕೋರ್ಟ್ ನೋಟಿಸಿನಂಥ ಅಕ್ಷರ ಹಾಕಿದರು. ಅದಕ್ಕೇ ಅದು ಹೆದರಿಸುತ್ತದೆ. ನಮ್ಮ ಕನ್ನಡದ ಟೈಟಲ್ ಕಾರ್ಡುಗಳಲ್ಲಿ ಬೆಂಕಿ ಹತ್ತಿಕೊಂಡ ಅಕ್ಷರ, ರಕ್ತ ಸೋರುವ ಅಕ್ಷರ ನೋಡಿದಾಗಲೆಲ್ಲ ನನಗೆ ಈ ಮಾಟಿಸ್ ನೆನಪಾಗುತ್ತದೆ.

ನಮ್ಮಲ್ಲೂ ಟೈಟಲ್ ನೆನಪಿಟ್ಟುಕೊಳ್ಳುವ ಅಭ್ಯಾಸ ಇತ್ತು, ಹೆಚ್ಚಿನದು ಕಿವಿಯಿಂದ. ದೂರದರ್ಶನದಲ್ಲಿ ಬರುತ್ತಿದ್ದ ‘ಜಂಗಲ್ ಬುಕ್’ ನೆನಪಿದೆಯಾ? ಅದು ಜಪಾನಿನ ನಿಪ್ಪಾನ್ ಆ್ಯನಿಮೇಶನ್‌ನವರ ಅನಿಮೆ. ಚಿತ್ರ ಅವರದು, ಹಾಡು ಮಾತ್ರ ಗುಲ್ಜಾರ್ ಮತ್ತು ವಿಶಾಲ್ ಭಾರದ್ವಾಜ್ ಅವರದು. ಹಿಂದಿ ಒಂದು ಅಕ್ಷರ ಬರದ ನಮ್ಮೂರ ಮಕ್ಕಳೆಲ್ಲ ಆ ಹಾಡು ಹೇಳುತ್ತಿದ್ದೆವು. ಕಣ್ಣಿಗೆ ಉಳಿದ ಟೈಟಲ್ ಅಂದರೆ ‘ಮಾಲ್ಗುಡಿ ಡೇಸ್’ ಒಂದೇ, ಆರ್.ಕೆ. ಲಕ್ಷ್ಮಣ್ ಅವರ ಗೆರೆಗಳಿಂದ.

ಇಲ್ಲಿಂದ ಮುಂದೆ ‘ಮಡೋಕಾ ಮ್ಯಾಜಿಕಾ’ ನೋಡದವರು ಎರಡು ಪ್ಯಾರಾ ಹಾರಿಸಿ. (ಹೌದು, ನಾನೇ ಸ್ಕಿಪ್ ಬಟನ್ ಕೊಡುತ್ತಿದ್ದೇನೆ.)

2011ರಲ್ಲಿ ಶಾಫ್ಟ್ ಸ್ಟುಡಿಯೋ ಮಾಡಿದ 12 ಕಂತಿನ ಕಥೆ ಇದು. ಗುಲಾಬಿ ಬಣ್ಣ, ದುಂಡು ಮುಖದ ಶಾಲಾ ಹುಡುಗಿಯರು, ಒಂದು ಕರಿ ಬೆಕ್ಕು. ಓಪನಿಂಗ್‌ನಲ್ಲಿ ಮಡೋಕಾ ಓಡುತ್ತಾಳೆ, ಅಳುತ್ತಾಳೆ, ಕೊನೆಗೆ ಫ್ರಾಕು ಮಿಂಚಿಸಿಕೊಂಡು ಮಾಯಾ ಹುಡುಗಿ ಆಗುತ್ತಾಳೆ. ಈ ಜಾತಿಯ ಕಥೆಗಳಲ್ಲಿ ಇದು ಮೊದಲ ಕಂತಿನಲ್ಲೇ ಆಗಬೇಕು. ಇಲ್ಲಿ ಆಗುವುದಿಲ್ಲ. ಮೂರನೇ ಕಂತಿನಲ್ಲಿ ಆಗಬಾರದ್ದು ಆಗುತ್ತದೆ, ಆಮೇಲೆ ಓಪನಿಂಗ್ ಬಂದಾಗಲೆಲ್ಲ ಆ ಗುಲಾಬಿ ಬಣ್ಣ ನೋಡಲಿಕ್ಕೇ ಒಂಥರಾ ಹಿಂಸೆ. ಕಥೆ ನಡೆಯುವ ಕಾಲದಲ್ಲಿ ಕೊನೆಯ ಕಂತಿನವರೆಗೂ ಅವಳು ಮಾಯಾ ಹುಡುಗಿ ಆಗುವುದೇ ಇಲ್ಲ. ಓಪನಿಂಗ್ ಪ್ರತಿ ವಾರ ನಮಗೆ ಸುಳ್ಳು ಹೇಳುತ್ತಿತ್ತು.

ಹತ್ತನೇ ಕಂತಿನಲ್ಲಿ ಇನ್ನೊಬ್ಬಳ ಕಥೆ ಬಿಚ್ಚಿಕೊಳ್ಳುತ್ತದೆ, ಕಪ್ಪು ಕೂದಲಿನ ಹೊಮುರಾಳದ್ದು. ಗೆಳತಿಯನ್ನು ಉಳಿಸಲು ಅವಳು ಒಂದೇ ತಿಂಗಳನ್ನು ಮತ್ತೆ ಮತ್ತೆ ಬದುಕುತ್ತಿದ್ದಾಳೆ. ಪ್ರತಿ ಸಲವೂ ಸೋತು, ಗಡಿಯಾರ ಹಿಂದಕ್ಕೆ ತಿರುಗಿಸಿ, ಮತ್ತೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ಬಿಡುತ್ತಾಳೆ. ಆ ಕಂತಿನಲ್ಲಿ ಓಪನಿಂಗ್ ಮೊದಲು ಬರುವುದಿಲ್ಲ, ಕೊನೆಗೆ ಬರುತ್ತದೆ. ಆಗ ಗೊತ್ತಾಗುತ್ತದೆ, ಇಷ್ಟು ದಿನ ಹಾಡುತ್ತಿದ್ದದ್ದು ಮಡೋಕಾ ಅಲ್ಲ, ಇವಳು. ಒಂದು ಗೆರೆ ಬದಲಾಗಿಲ್ಲ, ಒಂದು ಬಣ್ಣ ಬದಲಾಗಿಲ್ಲ. ಅವಳು ಒಂದೇ ತಿಂಗಳನ್ನು ಎಷ್ಟೋ ಸಲ ನೋಡಿದ ಹಾಗೆ ನಾವೂ ಒಂದೇ 90 ಸೆಕೆಂಡನ್ನು ವಾರ ವಾರ ನೋಡಿದ್ದೇವೆ, ಅದಕ್ಕೇ ಅದು ಹಾಗೆ ತಾಗುತ್ತದೆ. ಸ್ಕಿಪ್ ಮಾಡಿಕೊಂಡು ಬಂದವನಿಗೆ ಅಲ್ಲಿ ಒಂದು ಹಾಡು ಕೇಳಿಸುತ್ತದೆ, ಅಷ್ಟೆ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ತೀರಾ ಹೊಸದಲ್ಲ. ಒಡ್ಡೋಲಗದಲ್ಲಿ ಇಬ್ಬರು ತೆರೆ ಹಿಡಿದಿರುತ್ತಾರೆ. ಮೊದಲು ಕಿರೀಟದ ತುದಿ, ಆಮೇಲೆ ಕೆಳಗಿನಿಂದ ಕಾಲು, ಗೆಜ್ಜೆ. ಬಣ್ಣದ ವೇಷವಾದರೆ ತೆರೆಯ ಹಿಂದಿನಿಂದಲೇ ಆರ್ಭಟ. ಮುಖ ಕಾಣುವ ಹೊತ್ತಿಗೆ ಅರ್ಧ ಜೀವ ಹೋಗಿರುತ್ತದೆ. ಕಥೆ ಇನ್ನೂ ಒಂದು ಮಾತೂ ಶುರುವಾಗಿಲ್ಲ, ಆದರೆ ಇವನು ಎಂಥವನು ಅನ್ನುವುದು ಹೆಜ್ಜೆಯಲ್ಲೇ ಗೊತ್ತಾಗಿದೆ. ಅದಕ್ಕೂ ಮೊದಲು ಪೂರ್ವರಂಗ, ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಹೊಸದಾಗಿ ಕಲಿಯುವ ಹುಡುಗರು ಕಾಲು ಗಟ್ಟಿ ಮಾಡಿಕೊಳ್ಳುತ್ತಿದ್ದದ್ದು ಅಲ್ಲೇ. ಕಾಲಮಿತಿ ಆಟ ಬಂದ ಮೇಲೆ ಮೊದಲು ಕತ್ತರಿ ಬಿದ್ದದ್ದೂ ಅದಕ್ಕೇ. ನಮ್ಮ ಭಾವ ಸ್ವತಃ ಆಟದ ಹುಚ್ಚಿನವರು, ಹೇಳುತ್ತಿರುತ್ತಾರೆ, “ಈಗಿನ ಹುಡುಗ್ರು ಸೀದಾ ಅಭಿಮನ್ಯು ಮಾಡ್ಲಿಕ್ಕೆ ಬತ್ತ್ರು ಮಾರಾಯ” ಅಂತ.

ಓಪನಿಂಗ್ ದಿನಾ ಬರುತ್ತದೆ ಅನ್ನುವುದನ್ನೇ ಆಟವಾಡಿದವರೂ ಇದ್ದಾರೆ. ‘ಜೋಜೋ’ದಲ್ಲಿ ಡಿಯೋ ಅನ್ನುವ ವಿಲನ್ನಿಗೆ ಕಾಲವನ್ನು ನಿಲ್ಲಿಸುವ ಶಕ್ತಿ. ಕಥೆಯ ಕೊನೆಯ ಹೊತ್ತಿಗೆ ಅವನು ಓಪನಿಂಗನ್ನೇ ನಡುವೆ ನಿಲ್ಲಿಸಿಬಿಡುತ್ತಾನೆ. ಮುಂದಿನ ಭಾಗದ ವಿಲನ್ ಕಾಲವನ್ನು ಹಿಂದಕ್ಕೆ ತಿರುಗಿಸುವವನು, ಅಲ್ಲಿ ಓಪನಿಂಗ್ ಪೂರ್ತಿ ಉಲ್ಟಾ ಓಡುತ್ತದೆ. ವಾರಗಟ್ಟಲೆ ನೋಡಿ ಬಾಯಿಪಾಠ ಆದವರಿಗೆ ಮಾತ್ರ ಇದರ ಮಜಾ. ಸತೋಶಿ ಕೊನ್ ಅವರ ‘ಪ್ಯಾರನೋಯಾ ಏಜೆಂಟ್’ (2004) ಬೇರೆಯೇ ದಾರಿ. ಕಥೆಯ ಮಂದಿಯೆಲ್ಲ ಒಬ್ಬೊಬ್ಬರಾಗಿ ನಿಂತು ನಗುತ್ತಾರೆ. ಒಬ್ಬಳು ಗಗನಚುಂಬಿಯ ತುದಿಯಲ್ಲಿ, ಒಬ್ಬ ನೀರೊಳಗೆ, ಇನ್ನೊಬ್ಬರ ಹಿಂದೆ ಅಣುಬಾಂಬಿನ ಅಣಬೆ ಮೋಡ. ಇವರು ಯಾಕೆ ನಗುತ್ತಾರೆ ಅನ್ನುವುದು 13 ಕಂತು ಮುಗಿದರೂ ನನಗೆ ಪೂರ್ತಿ ಬಗೆಹರಿದಿಲ್ಲ, ಆದರೆ ಆಫೀಸಿನಲ್ಲಿ ಲೇಆಫ್ ನಡೆದ ವಾರ ಆಲ್‌ಹ್ಯಾಂಡ್ಸ್ ಕಾಲ್‌ನಲ್ಲಿ ಎಲ್ಲರ ಮುಖದ ಚೌಕಗಳನ್ನು ನೋಡುವಾಗ ನೆನಪಾಗಿದ್ದು ಅದೇ.

ಈಚಿನವು ಚಂದ ಇಲ್ಲ ಅಂತಲ್ಲ. 2022ರ ‘ಚೈನ್‌ಸಾ ಮ್ಯಾನ್’ ಓಪನಿಂಗ್ ಮಾಡಿದ ಶಿಂಗೊ ಯಾಮಾಶಿತಾ ದೊಡ್ಡ ಕೈ. ‘ರಿಸರ್ವಾಯರ್ ಡಾಗ್ಸ್’ನಿಂದ ‘ದಿ ಬಿಗ್ ಲೆಬೋಸ್ಕಿ’ವರೆಗೆ ಸಿನಿಮಾಗಳನ್ನೆಲ್ಲ ಅದರಲ್ಲಿ ತುರುಕಿದ್ದಾರೆ. ಮೂಲ ಮಂಗಾ ಬರೆದ ಫುಜಿಮೊತೊ ಸಿನಿಮಾ ಹುಚ್ಚರು, ಆದ್ದರಿಂದ ಒಪ್ಪುತ್ತದೆ ಕೂಡ. ಆದರೆ ನನಗೆ ಅದು ನಾಲ್ಕನೇ ಸಲಕ್ಕೆ ಖಾಲಿಯಾಯಿತು. ಯಾವ ಶಾಟು ಯಾವ ಸಿನಿಮಾದ್ದು ಅಂತ ಪತ್ತೆ ಮಾಡಿದ ಮೇಲೆ ಉಳಿಯುವುದು ಕಡಿಮೆ. ಪಾಸ್ ಮಾಡಿ ನೋಡಲಿ, ಯೂಟ್ಯೂಬಿನಲ್ಲಿ ಬಿಡಿಯಾಗಿ ಹಂಚಲಿ ಅಂತ ಮಾಡಿದ ಹಾಗಿದೆ, ವಾರ ವಾರ ಕಥೆಯ ಜೊತೆ ಬೆಳೆಯಲಿ ಅಂತ ಅಲ್ಲ. ಒತ್ತುವ ಬಟನ್ ಇದೆ ಅಂತ ಗೊತ್ತಾದ ಮೇಲೆ ಬಿಡಿಸುವವರೂ ಬೇರೆ ಥರ ಯೋಚಿಸುತ್ತಾರೇನೋ. ಇದು ನನ್ನ ಅನುಮಾನ, ಜಗಳಕ್ಕೆ ಬರುವವರು ಬರಬಹುದು.

ಇಷ್ಟೆಲ್ಲ ತಲೆಗೆ ಬಂದಿದ್ದಕ್ಕೆ ಅಕ್ಕನ ಮಗಳೂ ಒಂದು ಕಾರಣ. ಪಿಯುಸಿ ಓದುತ್ತಿದ್ದಾಳೆ, ಸೈನ್ಸು. ಹೋದ ದಸರಾ ರಜೆಗೆ ನಮ್ಮನೆಗೆ ಬಂದಾಗ ಇಬ್ಬರೂ ಕೂತು ಮಡೋಕಾ ನೋಡಿದೆವು. ಒಂದೂ ಸಲ ಓಪನಿಂಗ್ ಹಾರಿಸಲಿಲ್ಲ ಅವಳು. ಐದನೇ ಕಂತಿನಲ್ಲಿ, “ಮಾವ, ನಿಲ್ಸು, ಇದ್ನ ಬಿಡಿಸ್ದವ್ರ ಹೆಸ್ರು ಯಾವ್ದು?” ಅಂದಳು. ಜಪಾನಿ ಅಕ್ಷರ, ನನಗೇನು ಗೊತ್ತು? ಮೊಬೈಲ್ ಕ್ಯಾಮರಾ ಹಿಡಿದು ಅನುವಾದ ಮಾಡಿಸಿ ನೋಡಿದೆವು. ಒಂದೊಂದು ಹೆಸರೂ ಪರದೆಯ ಮೇಲೆ ಇರುವುದು ಎರಡು ಮೂರು ಸೆಕೆಂಡು. ಅವಳು ಫಿಸಿಕ್ಸ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು. ನಾನು ಹದಿಮೂರು ವರ್ಷದಿಂದ ಬರೆದ ಕೋಡಿನಲ್ಲಿ ಎಲ್ಲಿಯೂ ನನ್ನ ಹೆಸರು ಕಾಣುವುದಿಲ್ಲ, ಅದು ಬೇರೆ ಮಾತು.

ಅವಳಿಗೆ ಆ್ಯನಿಮೇಶನ್ ಓದಬೇಕಂತೆ. ಭಾವನಿಂದ ಫೋನು ಬಂತು. “ನೀನು ಬೆಂಗ್ಳೂರಲ್ಲಿ ಇಪ್ಪವ, ನೀನೇ ಹೇಳು. ಅದ್ರಲ್ಲಿ ಅನ್ನ ಹುಟ್ತಾ?” ಪೂರ್ವರಂಗ ಕತ್ತರಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳುವ ಮನುಷ್ಯ ಮಗಳ ವಿಷಯ ಬಂದಾಗ ಬೇರೆ. ಏನು ಹೇಳುವುದು? ಜಪಾನಿನಲ್ಲೇ ನಡುವಿನ ಚಿತ್ರ ಬಿಡಿಸುವ ಹೊಸಬರಿಗೆ ಎಷ್ಟೋ ಕಡೆ ಸಂಬಳ ಅಂತ ಇಲ್ಲ, ಚಿತ್ರಕ್ಕೆ ಇಷ್ಟು ಅಂತ ಲೆಕ್ಕ, ಅದೂ ತೀರಾ ಕಡಿಮೆ. ಇದನ್ನು ಭಾವನಿಗೂ ಹೇಳಿದೆ, ಅವಳಿಗೂ ಹೇಳಿದೆ. ಭಾವ “ಹ್ಞೂಂ” ಅಂದರು. ಅವಳು, “ಓಟ ಬಿಡ್ಸೋದು ಹೆಂಗೆ ಅಂತ ಯಾರ್ ಹೇಳಿಕೊಡ್ತ್ರು ಮಾವ?” ಅಂತ ಕೇಳಿದಳು.

ಮೊನ್ನೆ ವಾಟ್ಸ್ಆ್ಯಪ್‌ನಲ್ಲಿ ಒಂದು ವಿಡಿಯೋ ಕಳಿಸಿದ್ದಾಳೆ. ಹನ್ನೆರಡು ಚಿತ್ರ, ಪೆನ್ಸಿಲ್ಲಿನವು, ಒಂದೊಂದನ್ನೇ ಮೊಬೈಲಿನಲ್ಲಿ ಫೋಟೋ ಹೊಡೆದು ಜೋಡಿಸಿದ್ದು. ಎರಡು ಜಡೆಯ ಹುಡುಗಿ ಅಡಿಕೆ ತೋಟದ ದಾರಿಯಲ್ಲಿ ಓಡುತ್ತಾಳೆ. ಏಳನೇ ಚಿತ್ರದಲ್ಲಿ ಎಡಗಾಲು ಇರಬೇಕಾದಲ್ಲಿ ಬಲಗಾಲಿದೆ, ಅದಕ್ಕೇ ಅಲ್ಲಿ ಒಂದು ಸಲ ಎಡವಿದ ಹಾಗೆ ಕಾಣುತ್ತದೆ. ನಾನು ಅದನ್ನು ಸುತ್ತಿಸಿ ಸುತ್ತಿಸಿ ನೋಡುತ್ತಿದ್ದೇನೆ.